ನೆಗಡಿ, ಕೆಮ್ಮು ಮತ್ತು ಒಂದು ನಿಮಿಷದ ಲೆಕ್ಕ

ಮಾಗಿಯ ಚಳಿಯಲ್ಲಿ, ಬೆಳಗಿನ ಹೊತ್ತು, ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಕಡೆಗೆ ಹೋದವರಿಗೆ ಕಾಣುವ ನೋಟ ಬಹಳ ಮನೋಹರವಾದುದು. ಕಾವೇರಿಯ ನಾಲೆಗಳ ನೀರುಂಡು ಬೆಳೆದ ಗದ್ದೆಗಳ ಮೇಲೂ ಕಬ್ಬಿನ ತೋಟಗಳ ಮೇಲೂ ಬಿಳಿಯ ಮಂಜು ಹಾಸಿಕೊಂಡಿರುತ್ತದೆ. ಆಲೆಮನೆಯಿಂದೆದ್ದ ಹೊಗೆ ನೆಟ್ಟಗೆ ಮೇಲೇರದೆ, ಸ್ವಲ್ಪ ಎತ್ತರಕ್ಕೆ ಹೋಗಿ, ಅಲ್ಲಿ ಚಾಪೆ ಬಿಡಿಸಿದಂತೆ ಅಡ್ಡಲಾಗಿ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಬೆಲ್ಲದ ಪಾಕದ ಪರಿಮಳ. ಆದರೆ ಕಿವಿಗೊಟ್ಟು ಕೇಳಿದರೆ ಇನ್ನೊಂದು ಸದ್ದೂ ಕೇಳಿಸುತ್ತದೆ. ಅದು ಮನೆಮನೆಯ ಕೆಮ್ಮು.

ಆ ಊರಿನಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಹೇಳಿದ ಸಂಗತಿಯೇ ಈ ಲೇಖನಕ್ಕೆ ಕಾರಣ. ಅವನ ಅಕ್ಕ ಹತ್ತು ತಿಂಗಳ ಮಗುವನ್ನೆತ್ತಿಕೊಂಡು ತವರಿಗೆ ಬಂದಿದ್ದಳು. ಮಗುವಿಗೆ ಮೂರು ದಿನಗಳಿಂದ ನೆಗಡಿ, ಕೆಮ್ಮು, ಸ್ವಲ್ಪ ಜ್ವರ. ಮೂರನೆಯ ರಾತ್ರಿ ಮಗು ಅಳುವುದನ್ನು ನಿಲ್ಲಿಸಿ ಸುಮ್ಮನೆ ಮಲಗಿತು. “ಸೀತ ತಾನೆ ಕಣವ್ವ, ಈಗ ನಿದ್ದೆ ಹತ್ತದೆ, ಬೆಳಗ್ಗೆ ನೋಡಾಣ ಬುಡು” ಎಂದರು ಅಜ್ಜಿ. ಮನೆಯವರಿಗೆಲ್ಲ ಸಮಾಧಾನವಾಯಿತು. ನಮ್ಮ ವಿದ್ಯಾರ್ಥಿಗೆ ಮಾತ್ರ ಆಗಲಿಲ್ಲ. ಊರಿನ ಆಶಾ ಕಾರ್ಯಕರ್ತೆ ಒಮ್ಮೆ ತಾಯಂದಿರಿಗೆ ಮಗುವಿನ ಉಸಿರನ್ನು ಎಣಿಸುವ ವಿಧಾನವನ್ನು ಹೇಳಿಕೊಡುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಅವನು ಗಡಿಯಾರವನ್ನು ಎದುರಿಗಿಟ್ಟುಕೊಂಡು ಎಣಿಸಿದ. ನಿಮಿಷಕ್ಕೆ 58. ತಪ್ಪಿರಬಹುದೆಂದು ಮತ್ತೆ ಎಣಿಸಿದ. 60. ಅಜ್ಜಿಯ ಮಾತನ್ನು ಮೀರಿ, ಅದೇ ರಾತ್ರಿ ಪಕ್ಕದ ಮನೆಯವರ ಗಾಡಿಯಲ್ಲಿ ಮಗುವನ್ನು ಆಸ್ಪತ್ರೆಗೆ ಸಾಗಿಸಿದರು. ಅದು ನ್ಯುಮೋನಿಯ. ಸಕಾಲದಲ್ಲಿ ಔಷಧಿ ದೊರೆತುದರಿಂದ ಮಗು ಉಳಿಯಿತು, ಈಗ ಓಡಾಡಿಕೊಂಡಿದೆ.

“ಸಾರ್, ಬರಿಯ ಗಡಿಯಾರ ಇಷ್ಟನ್ನು ಹೇಗೆ ಹೇಳಿತು?” ಎಂದು ಅವನು ಕೇಳಿದ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೆ ಪ್ರಶ್ನೆಯ ಅರ್ಧ ಭಾಗ ನಮ್ಮ ಶಾಸ್ತ್ರಕ್ಕೇ ಸೇರಿದುದು. ಉಳಿದರ್ಧಕ್ಕೆ ವೈದ್ಯರು ಕಂಡುಕೊಂಡು ಒಪ್ಪಿರುವ ವಿಷಯಗಳನ್ನು ಆಧರಿಸಿ ಉತ್ತರವನ್ನು ಹೇಳಲು ಯತ್ನಿಸುತ್ತೇವೆ.

ನೆಗಡಿ ಎಂದರೇನು?

ನಮ್ಮ ಮೂಗು ಕೇವಲ ಗಾಳಿ ಹೋಗಿಬರುವ ರಂಧ್ರವಲ್ಲ. ಅದೊಂದು ಪುಟ್ಟ ಕಾರ್ಖಾನೆ. ಚಳಿಯ ಮುಂಜಾನೆ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ನಾವು ಒಳಗೆಳೆದುಕೊಂಡರೂ ಅದು ಶ್ವಾಸಕೋಶವನ್ನು ಮುಟ್ಟುವ ವೇಳೆಗೆ ದೇಹದ ಉಷ್ಣತೆಗೆ, ಎಂದರೆ ಸುಮಾರು 37 ಡಿಗ್ರಿಗೆ, ಏರಿ ತೇವವನ್ನೂ ತುಂಬಿಕೊಂಡಿರುತ್ತದೆ. ಮೂಗು ಮತ್ತು ಶ್ವಾಸನಾಳಗಳ ಒಳಮೈಯಲ್ಲಿ ಅಂಟಾದ ಲೋಳೆಯ ಲೇಪವಿದೆ. ಧೂಳು, ಕ್ರಿಮಿಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳು ಎಡೆಬಿಡದೆ ಆಡುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ.

ಈ ಕೋಟೆಯನ್ನು ದಾಟಿ ವೈರಸ್ಸುಗಳು ಒಳಮೈಯ ಜೀವಕೋಶಗಳನ್ನು ಹೊಕ್ಕಾಗ ದೇಹ ಯುದ್ಧ ಹೂಡುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಒಳಮೈ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಮೂಗು ಕಟ್ಟುವುದು, ಸೀನು, ಕೆಮ್ಮು, ಮೈ ಬಿಸಿಯಾಗುವುದು ಇವೆಲ್ಲ ಈ ಯುದ್ಧದ ಲಕ್ಷಣಗಳು. ನೆಗಡಿಯನ್ನು ಉಂಟುಮಾಡುವ ವೈರಸ್ಸುಗಳು 200ಕ್ಕೂ ಹೆಚ್ಚು ಬಗೆಯಾಗಿವೆ. ಒಂದನ್ನು ಗೆದ್ದ ದೇಹ ಇನ್ನೊಂದಕ್ಕೆ ಹೊಸದಾಗಿ ಸಿದ್ಧವಾಗಬೇಕು. ನೆಗಡಿ ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ.

ಈ ಯುದ್ಧದಲ್ಲಿ ಸಾಮಾನ್ಯವಾಗಿ ಗೆಲ್ಲುವುದು ದೇಹವೇ. ನೆಗಡಿ ಒಂದು ವಾರದಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಹಿಂದೆ ಉಳಿಯುವ ಕೆಮ್ಮು ಎರಡು ವಾರಗಳವರೆಗೆ ಇರುವುದುಂಟು. ಆಂಟಿಬಯಾಟಿಕ್ ಔಷಧಿಗಳು ಕೊಲ್ಲುವುದು ಬ್ಯಾಕ್ಟೀರಿಯಗಳನ್ನೇ ಹೊರತು ವೈರಸ್ಸುಗಳನ್ನಲ್ಲ. ಸಿಂಬಳ ಹಳದಿ ಅಥವಾ ಹಸುರು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಅವು ಬೇಕೆಂದು ಭಾವಿಸಬಾರದು. ಹಿಂದಿನ ಸಲ ಉಳಿದ ಮಾತ್ರೆಗಳನ್ನು ನೆಗಡಿಗೆ ನುಂಗುವುದರಿಂದ ನೆಗಡಿ ಗುಣವಾಗುವುದಿಲ್ಲ. ಬ್ಯಾಕ್ಟೀರಿಯಗಳು ಮಾತ್ರ ಆ ಔಷಧಿಗೆ ಬಗ್ಗದಿರಲು ಕಲಿಯುತ್ತವೆ.

ಮನೆಯಲ್ಲಿ ಮಾಡತಕ್ಕದ್ದು

ಹಾಗಾದರೆ ಮನೆಯವರಿಗೆ ಕೆಲಸವೇನು? ದೇಹ ಗೆಲ್ಲುವವರೆಗೆ ರೋಗಿಗೆ ಹಿತವನ್ನುಂಟುಮಾಡುವುದು ಮೊದಲ ಕೆಲಸ.

ಜ್ವರದಿಂದಲೂ ವೇಗದ ಉಸಿರಿನಿಂದಲೂ ದೇಹದ ನೀರು ಹೆಚ್ಚಾಗಿ ಆವಿಯಾಗುತ್ತದೆ. ಆದುದರಿಂದ ನೀರು, ಗಂಜಿ, ಬಿಸಿ ಸಾರು ಇವನ್ನು ಆಗಾಗ್ಗೆ ಕುಡಿಸಬೇಕು. ಅಜ್ಜಿಯರು ಮಾಡಿಕೊಡುವ ಮೆಣಸಿನ ಸಾರು, ಶುಂಠಿಯ ಕಷಾಯ ಇವು ವೈರಸ್ಸನ್ನು ಕೊಲ್ಲಲಾರವು. ಆದರೆ ಗಂಟಲಿಗೆ ಹಿತವನ್ನೂ ದೇಹಕ್ಕೆ ನೀರನ್ನೂ ಒದಗಿಸುತ್ತವೆ. ಅಷ್ಟರ ಮಟ್ಟಿಗೆ ಅವುಗಳಿಗೆ ಗೌರವ ಸಲ್ಲಬೇಕು. ಎದೆಹಾಲು ಕುಡಿಯುವ ಕೂಸಿಗೆ ಹಾಲನ್ನು ನಿಲ್ಲಿಸಬಾರದು. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು. ದೊಡ್ಡವರು ಬೆಚ್ಚನೆಯ ಉಪ್ಪುನೀರಿನಿಂದ ಗಂಟಲನ್ನು ಮುಕ್ಕಳಿಸಬಹುದು. ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಕೆಮ್ಮನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿ ಒಮ್ಮೊಮ್ಮೆ ಇರುವ ಬಾಟ್ಯುಲಿಸಂ ರೋಗದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ಪ್ರಾಣಾಪಾಯವನ್ನು ತರಬಲ್ಲವು.

ಜ್ವರದ ಬಾಧೆಗೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಅದರ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಸಲಗಳ ನಡುವೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು. ದಿನಕ್ಕೆ ನಾಲ್ಕು ಸಲವನ್ನು ಮೀರಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಎರಡು ತಿಂಗಳು ತುಂಬದ ಶಿಶುವಿಗೆ ಜ್ವರ ಬಂದರೆ ಮನೆಮದ್ದಿನ ಮಾತೇ ಇಲ್ಲ. ಕೂಡಲೆ ವೈದ್ಯರಲ್ಲಿಗೆ ಹೋಗಬೇಕು.

ಮಾಡಬಾರದ್ದು

ಶೀತವೆಂದೊಡನೆ ಆವಿ ಹಿಡಿಯುವುದು ನಮ್ಮಲ್ಲಿ ಬಳಕೆಯಲ್ಲಿದೆ. ಕಟ್ಟಿದ ಮೂಗಿಗೆ ಅದು ಕ್ಷಣಕಾಲ ಹಿತವೆನಿಸಬಹುದು. ಆದರೆ ನೆಗಡಿಯ ದಿನಗಳನ್ನು ಅದು ಕಡಮೆ ಮಾಡುತ್ತದೆಂಬುದಕ್ಕೆ ನಂಬಲರ್ಹವಾದ ಆಧಾರ ದೊರೆತಿಲ್ಲ. ಅದರ ಅಪಾಯವಾದರೋ ಲೆಕ್ಕಕ್ಕೆ ಸಿಕ್ಕುವಂಥದು. ಒಂದು ಗ್ರಾಂ ಕುದಿಯುವ ನೀರು ಚರ್ಮದ ಮೇಲೆ ಬಿದ್ದು 37 ಡಿಗ್ರಿಗೆ ಇಳಿಯುವಾಗ 63 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಆವಿಯಾದರೆ ಮೊದಲು ನೀರಾಗುವಾಗಲೇ ತನ್ನ ಗುಪ್ತೋಷ್ಣವಾದ 540 ಕ್ಯಾಲೊರಿಯನ್ನು ಬಿಟ್ಟು, ಆಮೇಲೆ ಈ 63 ಕ್ಯಾಲೊರಿಯನ್ನೂ ಬಿಡುತ್ತದೆ. ಒಟ್ಟಿನಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು! ಇದರ ಮೇಲೆ, ಕಂಬಳಿ ಹೊದಿಸಿ ಕೂರಿಸಿದ ಮಗು ಅಲುಗಿದರೆ ಪಾತ್ರೆಯೇ ಮಗುಚಿಕೊಳ್ಳುವ ಭಯ ಬೇರೆ. ಮಕ್ಕಳಿಗೆ ಆವಿ ಹಿಡಿಸದಿರುವುದೇ ವಿವೇಕ.

ಎರೆದ ಕೂಸಿಗೆ ಸಾಂಬ್ರಾಣಿಯ ಹೊಗೆ ಹಾಕುವುದು, ಮೂಗಿಗೆ ಎಣ್ಣೆಯ ಹನಿ ಬಿಡುವುದು, ಹೊಟ್ಟೆಯ ಮೇಲೆ ಬರೆ ಎಳೆಯುವುದು ಇವು ಪ್ರೀತಿಯಿಂದಲೇ ಮಾಡುವ ಕೆಲಸಗಳು. ಆದರೆ ಹೊಗೆ ಊದಿದ ಶ್ವಾಸನಾಳವನ್ನು ಮತ್ತಷ್ಟು ಕೆರಳಿಸುತ್ತದೆ. ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದರಿಂದಲೇ ನ್ಯುಮೋನಿಯ ಹುಟ್ಟುತ್ತದೆ. ಬರೆಯಿಂದ ಆಗುವುದು ಹುಣ್ಣು ಮಾತ್ರ.

ಕೆಮ್ಮಿನ ಸಿರಪ್ಪಿನ ವಿಷಯದಲ್ಲೂ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪನ್ನು ಕುಡಿದು ಮೂತ್ರಪಿಂಡಗಳು ಕೆಟ್ಟು ಅನೇಕ ಮಕ್ಕಳು ಸತ್ತರು. ವಿಷವಿಲ್ಲದ ಸಿರಪ್ಪಿನಿಂದಲೂ ಎಳೆಯ ಮಕ್ಕಳಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಗಳ ಸಿರಪ್ಪನ್ನು ಕೊಡಬಾರದೆಂದೂ ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅದು ಬೇಡವೆಂದೂ ಆ ವರ್ಷ ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ತಿಳಿಸಿತು.

ಕೊಳವೆಯ ನಿಯಮ

ಇನ್ನು ಮನೆಯವರ ಎರಡನೆಯ ಕೆಲಸಕ್ಕೆ ಬರೋಣ. ಅದು ಕಾವಲು. ನೂರು ನೆಗಡಿಗಳ ನಡುವೆ ಅಪಾಯದ ಒಂದನ್ನು ಗುರುತಿಸುವುದು ಹೇಗೆ? ಕೆಮ್ಮಿನ ಸದ್ದು ಜೋರಾಗಿದೆಯೆಂದು ಹೆದರುತ್ತೇವೆ, ಮೈ ಸುಡುತ್ತಿದೆಯೆಂದು ಹೆದರುತ್ತೇವೆ. ಇವೆರಡಕ್ಕಿಂತ ಹೆಚ್ಚು ನೆಚ್ಚಬಹುದಾದ ಗುರುತು ಉಸಿರಾಟದ ಶ್ರಮ. ಅದೇಕೆಂಬುದನ್ನು ಭೌತವಿಜ್ಞಾನ ವಿವರಿಸುತ್ತದೆ.

ಗದ್ದೆಗೆ ಕೊಳವೆಯಲ್ಲಿ ನೀರು ಹಾಯಿಸುವ ರೈತನಿಗೆ ಸಣ್ಣ ಕೊಳವೆಯಲ್ಲಿ ನೀರು ಕಡಮೆ ಬರುತ್ತದೆಂಬುದು ಗೊತ್ತು. ಎಷ್ಟು ಕಡಮೆ ಎಂಬುದನ್ನು 1840ರ ಸುಮಾರಿಗೆ ಫ್ರಾನ್ಸಿನ ವೈದ್ಯ ಪ್ವಾಸೆಯ್ ಎಂಬಾತ ಸಣ್ಣ ಗಾಜಿನ ನಳಿಗೆಗಳಲ್ಲಿ ಅಳೆದು ಕಂಡುಹಿಡಿದ. ಸದ್ದಿಲ್ಲದೆ ಪದರಪದರವಾಗಿ ಹರಿಯುವ ದ್ರವಕ್ಕೆ ಕೊಳವೆ ಒಡ್ಡುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ತಡೆ ಇಮ್ಮಡಿಯಲ್ಲ, ನಾಲ್ಮಡಿಯೂ ಅಲ್ಲ, ಹದಿನಾರು ಪಟ್ಟು!

ಎಳೆಯ ಕೂಸಿನ ಶ್ವಾಸನಾಳದ ವ್ಯಾಸ ಸುಮಾರು 4 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಒಳಮೈ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ತ್ರಿಜ್ಯ 2ರಿಂದ 1ಕ್ಕೆ ಇಳಿದು ತಡೆ ಹದಿನಾರು ಪಟ್ಟಾಗುತ್ತದೆ. 8 ಮಿಲಿಮೀಟರ್ ವ್ಯಾಸದ ದೊಡ್ಡ ನಾಳದಲ್ಲಿ ಅಷ್ಟೇ ಊತ ಬಂದರೆ ತ್ರಿಜ್ಯ 4ರಿಂದ 3ಕ್ಕೆ ಇಳಿಯುತ್ತದೆ. ತಡೆ ಸುಮಾರು ಮೂರು ಪಟ್ಟಾಗುತ್ತದೆ, ಅಷ್ಟೆ. ಅಜ್ಜಿಗೂ ಮೊಮ್ಮಗುವಿಗೂ ಒಂದೇ ವೈರಸ್ಸು ತಗುಲಿದಾಗ ಅಜ್ಜಿ ಸೀನಿಕೊಂಡು ಓಡಾಡುವುದಕ್ಕೂ ಮಗು ಉಸಿರಿಗಾಗಿ ಹೆಣಗುವುದಕ್ಕೂ ಈ ಅಂತರ ಒಂದು ಮುಖ್ಯ ಕಾರಣ.

ರೋಗ ಇನ್ನೂ ಕೆಳಕ್ಕಿಳಿದು ಶ್ವಾಸಕೋಶದ ಪುಟ್ಟ ಗಾಳಿಚೀಲಗಳನ್ನು ಮುಟ್ಟಿದರೆ ಅದು ನ್ಯುಮೋನಿಯ. ಚೀಲಗಳಲ್ಲಿ ನೀರೂ ಕೀವೂ ತುಂಬಿ ಶ್ವಾಸಕೋಶ ಬಿರುಸಾಗುತ್ತದೆ. ಒಂದು ಉಸಿರಿಗೆ ಒಳಬರುವ ಗಾಳಿ ಕಡಮೆಯಾಗುತ್ತದೆ. ಉದಾಹರಣೆಗೆ, 10 ಕಿಲೋಗ್ರಾಂ ತೂಕದ ಮಗು ಒಂದು ಉಸಿರಿಗೆ 70 ಮಿಲಿಲೀಟರ್ ಗಾಳಿಯನ್ನು ಎಳೆದುಕೊಂಡು ನಿಮಿಷಕ್ಕೆ 30 ಸಲ ಉಸಿರಾಡುತ್ತಿದ್ದರೆ ಒಟ್ಟು ಗಾಳಿ 2,100 ಮಿಲಿಲೀಟರ್. ರೋಗದಿಂದ ಒಂದು ಉಸಿರಿನ ಗಾಳಿ 42 ಮಿಲಿಲೀಟರಿಗೆ ಇಳಿಯಿತೆನ್ನೋಣ. ಅಷ್ಟೇ ಗಾಳಿ ಬೇಕಾದರೆ ಮಗು ನಿಮಿಷಕ್ಕೆ 50 ಸಲ ಉಸಿರಾಡಬೇಕು. ಈ ಗುಣಾಕಾರವನ್ನು ಮೆದುಳು ನಮಗೆ ತಿಳಿಯದೆಯೇ ಮಾಡಿ ಮುಗಿಸಿರುತ್ತದೆ. ಅದರ ಉತ್ತರ ಮಗುವಿನ ಎದೆಯ ಮೇಲೆ ಕಾಣುತ್ತದೆ. ಓದಿಕೊಳ್ಳಲು ಬೇಕಾದುದು ಒಂದು ಗಡಿಯಾರ.

ಇದನ್ನು ವೈದ್ಯರು ಪರೀಕ್ಷಿಸಿ ಸ್ಥಾಪಿಸಿದ ಬಗೆಯೂ ಸ್ವಾರಸ್ಯವಾಗಿದೆ. ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಗೊರೋಕಾ ಎಂಬಲ್ಲಿ ಫ್ರ್ಯಾಂಕ್ ಷಾನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು, ಕ್ಷ-ಕಿರಣ ಯಂತ್ರವಿಲ್ಲದ ಹಳ್ಳಿಗಳಲ್ಲಿ ನ್ಯುಮೋನಿಯವನ್ನು ಗುರುತಿಸುವುದು ಹೇಗೆಂದು ಶೋಧಿಸಿ, ಉಸಿರಿನ ಎಣಿಕೆಯ ಮಹತ್ವವನ್ನು 1984ರಲ್ಲಿ ಪ್ರಕಟಿಸಿದರು. ನಮಗೆ ಸಮೀಪದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು 1988ರಲ್ಲಿ ಇದನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಪರಿಶೀಲಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಮಿತಿಗಳು ಹೀಗಿವೆ: ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು. ಕೆಮ್ಮಿರುವ ಮಗುವಿನಲ್ಲಿ ಎಣಿಕೆ ಈ ಮಿತಿಯನ್ನು ಮುಟ್ಟಿದರೆ ಅದು ವೇಗದ ಉಸಿರಾಟ; ಅಂದೇ ವೈದ್ಯರಿಗೆ ತೋರಿಸಬೇಕು. ಅರಕೆರೆಯ ಆ ಮಗು ಹತ್ತು ತಿಂಗಳದು, ಎಣಿಕೆ 58 ಎಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬಹುದು.

ಎಣಿಸುವ ಕ್ರಮ

ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸಿ ಬಲ್ಲವರಿಗೆ ಇದು ಕಷ್ಟವಲ್ಲ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ತಾಯಿಯ ಮಡಿಲಿನಲ್ಲಿ ಶಾಂತವಾಗಿರುವಾಗ ಅಥವಾ ನಿದ್ರಿಸುವಾಗ ಅಂಗಿಯನ್ನು ಮೇಲೆತ್ತಿ ಹೊಟ್ಟೆ ಎದೆಗಳನ್ನು ಬೆಳಕಿನಲ್ಲಿ ನೋಡಬೇಕು. ಒಮ್ಮೆ ಉಬ್ಬಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪೂ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ಕೂಸುಗಳ ಉಸಿರು ಒಂದೇ ಸಮನಾಗಿರುವುದಿಲ್ಲ. ಎಣಿಕೆ ಮಿತಿಯನ್ನು ಮೀರಿದರೆ ಇನ್ನೊಮ್ಮೆ ಎಣಿಸಿ ನೋಡಬೇಕು. ಜ್ವರದಿಂದಲೂ ಎಣಿಕೆ ಏರುತ್ತದೆ, ನಿಜ. ಆದರೆ ಕಾರಣ ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ, ನಮ್ಮದಲ್ಲ.

ಎಣಿಕೆಗಿಂತಲೂ ಗಂಭೀರವಾದ ಕೆಲವು ಚಿಹ್ನೆಗಳಿವೆ. ಉಸಿರನ್ನೆಳೆದಾಗ ಪಕ್ಕೆಲುಬುಗಳ ಕೆಳಭಾಗ ಒಳಕ್ಕೆ ಸೇದಿಕೊಳ್ಳುವುದು, ಶಾಂತವಾಗಿರುವಾಗಲೂ ಉಸಿರಿನಲ್ಲಿ ಕರ್ಕಶ ಸದ್ದು, ತುಟಿ ನೀಲಿಗಟ್ಟುವುದು, ಹಾಲು ನೀರು ಕುಡಿಯಲಾರದಿರುವುದು, ಕುಡಿದುದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದ ಮಂಪರು. ಇವುಗಳಲ್ಲಿ ಯಾವುದೊಂದು ಕಂಡರೂ ಎಣಿಸುತ್ತ ಕೂರದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೊರಡಬೇಕು. ಅಳುತ್ತಿದ್ದ ಮಗು ಸುಮ್ಮನಾದುದೆಲ್ಲ ಗುಣದ ಲಕ್ಷಣವಲ್ಲ. ಅಳುವುದಕ್ಕೂ ಶಕ್ತಿ ಬೇಕು.

ದೊಡ್ಡವರ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ಕುಳಿತಲ್ಲೇ ಏದುಸಿರು, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿರುವುದು, ಎದೆನೋವು, ಕಫದಲ್ಲಿ ರಕ್ತ, ಮಾತಿನಲ್ಲಿ ಗೊಂದಲ ಇವು ಅಪಾಯದ ಸೂಚನೆಗಳು. ಜ್ವರ ಮೂರು ದಿನಕ್ಕೂ ಇಳಿಯದಿದ್ದರೆ, ಇಲ್ಲವೆ ಇಳಿದದ್ದು ಮತ್ತೆ ಏರಿದರೆ, ವೈದ್ಯರನ್ನು ಕಾಣಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಯಲ್ಲಿದ್ದು, ಬೆಚ್ಚನೆಯ ಬೆರಳಿನಲ್ಲಿ ಅದು 94ಕ್ಕಿಂತ ಕಡಮೆ ತೋರಿಸಿದರೂ ಹಾಗೆಯೆ. 90ಕ್ಕಿಂತ ಇಳಿದರೆ ಒಂದು ಗಳಿಗೆಯೂ ತಡೆಯಬಾರದು. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಉಬ್ಬಸ ಅಥವಾ ಹೃದ್ರೋಗ ಇರುವವರು ಇಷ್ಟರವರೆಗೂ ಕಾಯದೆ ಮೊದಲೇ ಹೋಗುವುದು ಲೇಸು.

ಎರಡು ವಾರ ಮೀರಿದ ಕೆಮ್ಮು

ಇನ್ನೊಂದು ಎಣಿಕೆಗೆ ಗಡಿಯಾರ ಸಾಲದು, ಪಂಚಾಂಗ ಬೇಕು. ಕೆಮ್ಮು ಎರಡು ವಾರ ದಾಟಿದರೆ ಕಫದ ಪರೀಕ್ಷೆ ಮಾಡಿಸಬೇಕು, ಅದು ಕ್ಷಯವಿರಬಹುದು. ಈ ರೋಗ ಅರಮನೆಯನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣುಮಕ್ಕಳನ್ನೂ ಅದು ಬಲಿ ತೆಗೆದುಕೊಂಡಿತು. ಅವರ ನೆನಪಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಆರಂಭವಾದ ಆರೋಗ್ಯಧಾಮದ ಹೆಸರು ಅರಕೆರೆಯ ಸೀಮೆಯವರಿಗೆಲ್ಲ ಪರಿಚಿತವಾದುದು. ಕ್ಷಯವನ್ನು ಗೆಲ್ಲುವ ಮೊದಲ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾದುದು 1943ರಲ್ಲಿ. ಅದಕ್ಕೆ ಮುಂಚೆ ರಾಜಪುತ್ರಿಗೂ ದೊರೆಯದಿದ್ದ ಚಿಕಿತ್ಸೆ ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಕೇಳಿ ಪಡೆಯಲು ಸಂಕೋಚಪಡುವವರು ಮಾತ್ರ ಅದರಿಂದ ವಂಚಿತರಾಗುತ್ತಾರೆ.

ಮತ್ತೆ ಆ ಹೊಗೆಯ ಚಾಪೆ

ಮೊದಲಿನಲ್ಲಿ ಹೇಳಿದ ಹೊಗೆಯ ಚಾಪೆಗೆ ಹಿಂತಿರುಗೋಣ. ಮೋಡವಿಲ್ಲದ ಚಳಿಯ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತುಬಿಡುತ್ತದೆ. ಹೊಗೆ ಆ ಮುಚ್ಚಳವನ್ನು ಭೇದಿಸಲಾರದೆ ಊರಿನ ಮೇಲೆಯೇ ನಿಲ್ಲುತ್ತದೆ. ಆಲೆಮನೆ, ಸೌದೆಯ ಒಲೆ, ಹೊಲದಲ್ಲಿ ಸುಡುವ ಕಬ್ಬಿನ ತರಗು ಇವುಗಳ ಹೊಗೆಯ ಅತಿ ಸಣ್ಣ ಕಣಗಳು ಮೂಗಿನ ಕಾವಲನ್ನು ತಪ್ಪಿಸಿಕೊಂಡು ಗಾಳಿಚೀಲಗಳವರೆಗೂ ಇಳಿಯುತ್ತವೆ. ತರಗನ್ನು ಸುಡದೆ ತೋಟದಲ್ಲೇ ಹೊದಿಸಿದರೆ ನೆಲದ ತೇವವೂ ಉಳಿಯುತ್ತದೆ, ಮಕ್ಕಳ ಎದೆಯೂ ಉಳಿಯುತ್ತದೆ. ಒಲೆ ಉರಿಯುವ ಕೋಣೆಯಲ್ಲಿ ತೊಟ್ಟಿಲು ಇರಬಾರದು. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಬರುವ ನ್ಯುಮೋನಿಯವನ್ನು ತಡೆಯುವ ಲಸಿಕೆಯನ್ನು ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳುಗಳಲ್ಲಿ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ, ಅದನ್ನು ತಪ್ಪಿಸಬಾರದು.

ವಿಜ್ಞಾನವೆಂದರೆ ದೊಡ್ಡ ದೊಡ್ಡ ಯಂತ್ರಗಳೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಿಳಿದಿದ್ದಾರೆ. ಆ ರಾತ್ರಿ ಅರಕೆರೆಯ ಮನೆಯೊಂದರಲ್ಲಿ ಇದ್ದುದು ಒಂದು ಗಡಿಯಾರ, ಎರಡು ಕಣ್ಣು, ಅರವತ್ತು ಸೆಕೆಂಡುಗಳ ತಾಳ್ಮೆ. ಅಜ್ಜಿಯ ಕಷಾಯಕ್ಕೆ ಅದರದೇ ಬೆಲೆಯಿದೆ. ಆದರೆ ಕಷಾಯ ಕಾಯಿಸುವಾಗ ಮಗುವಿನ ಉಸಿರನ್ನು ಎಣಿಸುವವರೊಬ್ಬರು ಮನೆಯಲ್ಲಿರಬೇಕು. ಇದನ್ನು ಓದಿದ ನೀವು ಆ ಒಬ್ಬರಾಗಬಹುದು. ಇಂದೇ ಮನೆಯಲ್ಲಿ ಮಲಗಿರುವ ತಮ್ಮನೋ ತಂಗಿಯೋ ಇದ್ದರೆ, ಆರೋಗ್ಯವಾಗಿರುವಾಗಲೇ ಒಮ್ಮೆ ಎಣಿಸಿ ಅಭ್ಯಾಸಮಾಡಿಕೊಳ್ಳಿ. ಆಪತ್ತಿನ ರಾತ್ರಿ ಬಂದಾಗ ಆ ಅಭ್ಯಾಸ ಕೈಹಿಡಿಯುತ್ತದೆ.